ಓದು ಶುರುವಾಗುವ ಮುನ್ನ ಊರು ನೋಡುವ ಅವಸರ

ಮಾನ್ಯ ಸಂಪಾದಕರೇ,

ಪ್ರತಿವರ್ಷ ಆಗಸ್ಟ್ ಮುಗಿಯುವ ಹೊತ್ತಿಗೆ ಸ್ನಾತಕೋತ್ತರ ವ್ಯಾಸಂಗಕ್ಕೆಂದು ನಮ್ಮ ರಾಜ್ಯದ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ವಿದೇಶಕ್ಕೆ ಹೊರಡುತ್ತಾರೆ. ಅವರಲ್ಲಿ ಅನೇಕರು ತರಗತಿ ಆರಂಭವಾಗುವ ಒಂದೆರಡು ವಾರ ಮುಂಚೆಯೇ ತಲುಪಿ, ಆ ದಿನಗಳಲ್ಲಿ ಆದಷ್ಟೂ ಸ್ಥಳಗಳನ್ನು ನೋಡಿಬಿಡಬೇಕೆಂದು ಯೋಜನೆ ಹಾಕಿಕೊಳ್ಳುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕ ಆರೋಗ್ಯ ವಿಷಯವನ್ನು ಓದಲು ಲಂಡನ್ನಿಗೆ ಹೋದ ನಾನೂ ಹಾಗೆಯೇ ಮಾಡಿದೆ. ಮುಂಚೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಆ ದಿನಗಳನ್ನು ಕಳೆದ ರೀತಿಯ ಬಗ್ಗೆ ನನಗೆ ಇಂದಿಗೂ ಬೇಸರವಿದೆ. ಈ ವರ್ಷ ಹೊರಡುವವರಿಗೆ ಅದು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಆರು ತಿಂಗಳಿಗಿಂತ ದೀರ್ಘವಾದ ಕೋರ್ಸ್ ಆದರೆ, ಅದು ಆರಂಭವಾಗುವ ಒಂದು ತಿಂಗಳು ಮೊದಲೇ ಬ್ರಿಟನ್ ಪ್ರವೇಶಿಸಲು ವಿದ್ಯಾರ್ಥಿ ವೀಸಾದಲ್ಲಿ ಅವಕಾಶವಿದೆ. ನಾನು 11 ದಿನ ಮೊದಲು ಇಳಿದೆ. ನನ್ನ ಅರ್ಜಿ ನೋಡಿಕೊಂಡ ಸಲಹಾ ಕೇಂದ್ರದವರು 9 ದಿನಗಳಲ್ಲಿ 34 ಸ್ಥಳ ನೋಡುವ ಪಟ್ಟಿಯೊಂದನ್ನು ಕೊಟ್ಟಿದ್ದರು. ವಿಂಡ್ಸರ್ ಕೋಟೆ, ಸ್ಟೋನ್‌ಹೆಂಜ್ ಮತ್ತು ಬಾತ್ ಪಟ್ಟಣ, ಈ ಮೂರನ್ನೂ ಒಂದೇ ದಿನದ ಬಸ್ ಪ್ರವಾಸದಲ್ಲಿ ಮುಗಿಸಿದೆವು. ಸ್ಟೋನ್‌ಹೆಂಜ್‌ನಲ್ಲಿ ಸ್ವಾಗತ ಕೇಂದ್ರಕ್ಕೂ ಕಲ್ಲುಗಳಿಗೂ ನಡುವೆ ಎರಡು ಕಿಲೋಮೀಟರಿಗೂ ಹೆಚ್ಚು ದೂರವಿದ್ದು, ನಡುವೆ ಓಡಾಡುವ ಬಸ್ಸಿಗೆ ಸರದಿಯಲ್ಲಿ ನಿಂತು ತಲುಪುವಷ್ಟರಲ್ಲಿ ನಮಗೆ ಉಳಿದದ್ದು ಇಪ್ಪತ್ತು ನಿಮಿಷ. ಅದೂ ಫೋಟೊಗಳಿಗೇ ಸರಿಹೋಯಿತು. ಬ್ರಿಟಿಷ್ ಮ್ಯೂಸಿಯಂನಲ್ಲಿ ಜನರ ಭುಜಗಳ ನಡುವಿನಿಂದ ರೊಸೆಟ್ಟಾ ಶಿಲೆಯನ್ನು ನೋಡಿ ಹೊರಬಂದೆ. ಅದೇ ಕಟ್ಟಡದಲ್ಲಿ ಅಮರಾವತಿಯ ಶಿಲ್ಪಗಳಿಗಾಗಿಯೇ ಒಂದು ಕೋಣೆ ಇರುವುದು ನವೆಂಬರಿನವರೆಗೆ ನನಗೆ ಗೊತ್ತಾಗಲಿಲ್ಲ. ನಮ್ಮ ಪಕ್ಕದ ಜಿಲ್ಲೆಯ ಶ್ರೀರಂಗಪಟ್ಟಣದಿಂದ 1799ರಲ್ಲಿ ಒಯ್ದ ಟಿಪ್ಪುವಿನ ಮರದ ಹುಲಿ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದರ ಮುಂದೆ ನಾನು ನಿಂತದ್ದು ನಾಲ್ಕು ನಿಮಿಷವೂ ಇರಲಾರದು. ಹುಲಿಯ ಒಡಲಲ್ಲಿ ಆರ್ಗನ್ ವಾದ್ಯವಿದೆ ಎಂಬುದನ್ನೂ ತಿಂಗಳ ನಂತರ ಓದಿ ತಿಳಿದೆ. ಬೆಂಗಳೂರಿನಲ್ಲೇ ತಯಾರಾದ ಆ ಪಟ್ಟಿಯಲ್ಲಿ, 2015ರ ನವೆಂಬರ್ 14ರಂದು ಥೇಮ್ಸ್ ನದಿಯ ದಡದಲ್ಲಿ ಅನಾವರಣಗೊಂಡ ಬಸವಣ್ಣನವರ ಪುತ್ಥಳಿಯ ಹೆಸರೇ ಇರಲಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಸೋಹೊ ಬಡಾವಣೆಯ ಒಂದು ಸಂಜೆ. ಆಕ್ಸ್‌ಫರ್ಡ್ ಸ್ಟ್ರೀಟ್‌ನಿಂದ ಪಿಕಾಡಿಲಿಯ ಕಡೆಗೆ ಅವಸರದಲ್ಲಿ ಹೋಗುವಾಗ ಬ್ರಾಡ್ವಿಕ್ ಸ್ಟ್ರೀಟ್‌ನಲ್ಲಿ ಹಿಡಿಕೆಯಿಲ್ಲದ ಒಂದು ಕಪ್ಪು ನೀರಿನ ಪಂಪು ಕಂಡಿತು. ಜೊತೆಗಿದ್ದ ಗೆಳತಿ ಅದಕ್ಕೆ ಒರಗಿ ಶೂ ದಾರ ಬಿಗಿದುಕೊಂಡಳು. ನಾನು ಮೊಬೈಲಿನಲ್ಲಿ ಮುಂದಿನ ಸ್ಥಳದ ದಾರಿ ಹುಡುಕುತ್ತಿದ್ದೆ. ಎರಡು ವಾರದ ಬಳಿಕ ಸಾಂಕ್ರಾಮಿಕ ರೋಗಶಾಸ್ತ್ರದ ಮೊದಲ ತರಗತಿಯಲ್ಲಿ ಉಪನ್ಯಾಸಕಿ ಪರದೆಯ ಮೇಲೆ ಅದೇ ಪಂಪಿನ ಚಿತ್ರ ತೋರಿಸಿದರು. 1854ರಲ್ಲಿ ಆ ಬೀದಿಯ ಹೆಸರು ಬ್ರಾಡ್ ಸ್ಟ್ರೀಟ್. ಕಾಲರಾದಿಂದ ಆ ಸುತ್ತಮುತ್ತ ಆರುನೂರಕ್ಕೂ ಹೆಚ್ಚು ಜನ ತೀರಿಕೊಂಡಾಗ, ರೋಗ ಕೆಟ್ಟ ಗಾಳಿಯಿಂದ ಹರಡುತ್ತದೆಂದು ವೈದ್ಯರೂ ನಂಬಿದ್ದ ಕಾಲದಲ್ಲಿ, ಡಾ. ಜಾನ್ ಸ್ನೋ ಮನೆಮನೆಗೆ ಹೋಗಿ ವಿಚಾರಿಸಿ, ಸಾವುಗಳು ಆ ಒಂದು ಪಂಪಿನ ಸುತ್ತಲೇ ದಟ್ಟವಾಗಿರುವುದನ್ನು ತೋರಿಸಿಕೊಟ್ಟರು. ಸೆಪ್ಟೆಂಬರ್ 8ರಂದು ಅದರ ಹಿಡಿಕೆಯನ್ನು ಕಳಚಲಾಯಿತು. ನಾನು ಕಲಿಯಲು ಹೋಗಿದ್ದ ವಿದ್ಯೆಗೆ ಮೂಲವೆಂದು ಎಲ್ಲರೂ ಹೇಳುವ ಜಾಗ ಅದು. ಅದರ ಪಕ್ಕದಲ್ಲೇ ನಿಂತು, ನೋಡದೆ ಹೋಗಿದ್ದೆ.

ಆ ಶನಿವಾರ 1.75 ಪೌಂಡ್ ಕೊಟ್ಟು ಬಸ್ಸಿನಲ್ಲಿ ಒಬ್ಬಳೇ ಮತ್ತೆ ಹೋದೆ. ಈಗಿರುವುದು ಮೂಲ ಪಂಪಿನ ಪ್ರತಿಕೃತಿ. ಮೂಲ ಪಂಪು ಇದ್ದ ಸ್ಥಳವನ್ನು ಅಲ್ಲೇ ಪಕ್ಕದ ಜಾನ್ ಸ್ನೋ ಪಬ್ಬಿನ ಬಳಿ ಕಾಲುದಾರಿಯ ಅಂಚಿನ ಒಂದು ಕೆಂಪು ಗ್ರಾನೈಟ್ ಕಲ್ಲು ಸೂಚಿಸುತ್ತದೆ. ಅದರ ಮೇಲೆ ಜನ ನಡೆದುಹೋಗುತ್ತಲೇ ಇರುತ್ತಾರೆ. ಪಂಪಿಗೆ ಇಷ್ಟು ಹತ್ತಿರವಿದ್ದ ಪೋಲೆಂಡ್ ಸ್ಟ್ರೀಟ್‌ನ ವರ್ಕ್‌ಹೌಸ್‌ನಲ್ಲಿ, ಅಂದರೆ ಬಡವರಿಗೆ ಆಶ್ರಯ ಕೊಟ್ಟು ದುಡಿಸುತ್ತಿದ್ದ ಮನೆಯಲ್ಲಿ, ಐನೂರಕ್ಕೂ ಹೆಚ್ಚು ಜನರಿದ್ದರೂ ಸತ್ತವರು ಐದೇ ಮಂದಿ, ಏಕೆಂದರೆ ಅಲ್ಲಿ ಸ್ವಂತ ಬಾವಿಯಿತ್ತು. ಪಂಪಿದ್ದ ಬ್ರಾಡ್ ಸ್ಟ್ರೀಟ್‌ನ ಬಿಯರ್ ತಯಾರಿಕಾ ಘಟಕದ ಕೆಲಸಗಾರರು ಆ ಪಂಪಿನ ನೀರನ್ನು ಕುಡಿಯುತ್ತಲೇ ಇರಲಿಲ್ಲ. ಅವರಲ್ಲಿ ಒಬ್ಬರೂ ಸಾಯಲಿಲ್ಲ. ತರಗತಿಯಲ್ಲಿ ಕೇಳಿದ ಈ ಮಾತುಗಳನ್ನು ನೆನೆಯುತ್ತ ಕಲ್ಲಿನಿಂದ ಪೋಲೆಂಡ್ ಸ್ಟ್ರೀಟ್‌ವರೆಗೆ ನಡೆದು ನೋಡಿದಾಗ, ಅಷ್ಟು ಸಣ್ಣ ಅಂತರದಲ್ಲಿ ಒಂದು ಮನೆ ಉಳಿದು ಇನ್ನೊಂದು ಮನೆ ಬರಿದಾದದ್ದು ಎಂಥದ್ದೆಂದು ಅರಿವಾಯಿತು. ಎರಡು ಗಂಟೆ ಅಲ್ಲೇ ಇದ್ದೆ. ಇಡೀ ವರ್ಷದಲ್ಲಿ ನನಗೆ ಅತ್ಯಂತ ಚೆನ್ನಾಗಿ ನೆನಪಿರುವ ಪ್ರವಾಸ ಅದೊಂದೇ.

ಅವಸರದ ಬೆಲೆ ಇಷ್ಟಕ್ಕೇ ಮುಗಿಯಲಿಲ್ಲ. ಎಂಟನೇ ದಿನ ಪಾದದಲ್ಲಿ ಬೊಕ್ಕೆ, ಮೈಯಲ್ಲಿ ಜ್ವರ. ಆಗಿನ ನಿಯಮದಂತೆ ಬ್ರಿಟನ್ನಿಗೆ ಬಂದ ಹತ್ತು ದಿನದೊಳಗೆ ನಿವಾಸ ಕಾರ್ಡನ್ನು ಅಂಚೆ ಕಚೇರಿಯಿಂದ ಪಡೆಯಬೇಕಿತ್ತು. ಅದನ್ನು ಕುಂಟುತ್ತಲೇ ಹೋಗಿ ಕೊನೆಯ ದಿನ ತಂದೆ. ವಿಭಾಗದ ಪರಿಚಯ ಕಾರ್ಯಕ್ರಮ ತಪ್ಪಿಹೋಯಿತು.

ಹೀಗೆ ಓಡುವ ಮಕ್ಕಳನ್ನು ದೂರಲು ನನಗೆ ಮನಸ್ಸಿಲ್ಲ. ಲಂಡನ್ನಿನಲ್ಲಿ ಓದಲು ಆ ವರ್ಷ ಒಂಬತ್ತು ತಿಂಗಳ ಖರ್ಚಿಗೆಂದು ತಿಂಗಳಿಗೆ 1,334 ಪೌಂಡ್‌ನಂತೆ ಬ್ಯಾಂಕಿನಲ್ಲಿ ತೋರಿಸಬೇಕಿತ್ತು. ಅದಕ್ಕಾಗಿ ಸಾಲ ಮಾಡಿದ ಅಪ್ಪನಿಗೆ ದಿನಾ ಸಂಜೆ ಫೋಟೊ ಕಳುಹಿಸಿದರೆ ಮಗಳು ಸುಖವಾಗಿದ್ದಾಳೆಂಬ ಸಮಾಧಾನ. ಕಳುಹಿಸದಿದ್ದರೆ ರಾತ್ರಿಯೇ ಫೋನು. ಓದು ಶುರುವಾದ ಮೇಲೆ ಬಿಡುವೇ ಸಿಗದು ಎಂಬ ಭಯವೂ ಇರುತ್ತದೆ. ಆದರೆ ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿಗಳ ಕಾಯಂ ಸಂಗ್ರಹಗಳಿಗೆ ಪ್ರವೇಶ ಉಚಿತ. ವರ್ಷವಿಡೀ ಆ ಊರಿನಲ್ಲೇ ಇರುವವರು ವಾರಕ್ಕೊಂದು ಕೋಣೆ ನೋಡಿದರೂ ಸಾಕು.

ಸಲಹಾ ಕೇಂದ್ರಗಳು ಇಂಥ ಪಟ್ಟಿಗಳನ್ನು ಕೈಬಿಟ್ಟು, ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಪ್ಯಾರಿಸ್‌ಗೆ ಹೋಗಲಾಗದು ಎಂಬಂಥ ಅಗತ್ಯದ ಮಾತುಗಳನ್ನು ಹೇಳಲಿ. ತಮ್ಮ ಪತ್ರಿಕೆಯಲ್ಲಿಯೂ ನನ್ನದೊಂದು ಮನವಿ ಇದೆ. ಪ್ರವಾಸ ಪುಟದಲ್ಲಿ ‘ಏಳು ದಿನ, ಐದು ದೇಶ’ದ ಬದಲು, ಓದಲು ಹೋಗುವ ವಿಷಯಕ್ಕೆ ಹೊಂದುವ ಒಂದೊಂದೇ ಸ್ಥಳವನ್ನು ವಿವರವಾಗಿ ಪರಿಚಯಿಸಿ. ಸಿವಿಲ್ ಎಂಜಿನಿಯರಿಂಗ್ ಓದುವವರಿಗೆ, 1843ರಲ್ಲಿ ತೆರೆದು ಇಂದಿಗೂ ರೈಲು ಓಡುತ್ತಿರುವ ಥೇಮ್ಸ್ ನದಿಯಡಿಯ ಬ್ರುನೆಲ್ ಸುರಂಗವಿದೆ. ಕಾನೂನು ಓದುವವರು ಓಲ್ಡ್ ಬೈಲಿ ನ್ಯಾಯಾಲಯದ ಸಾರ್ವಜನಿಕ ಗ್ಯಾಲರಿಯಲ್ಲಿ ಕುಳಿತು ವಿಚಾರಣೆ ನೋಡಬಹುದು. ಬೇರೆ ಊರುಗಳಲ್ಲಿ ಓದಿ ಬಂದವರು ಅಲ್ಲಿನದನ್ನು ಬರೆದಾರು. ಮಕ್ಕಳು ಆಗಸ್ಟ್ ಕೊನೆಯ ವಾರದಿಂದಲೇ ಹೊರಡುವುದರಿಂದ ಅಂಥ ಬರಹಗಳು ಜುಲೈ ತಿಂಗಳಲ್ಲಿ ಪ್ರಕಟವಾದರೆ ಉಪಯೋಗವಾಗುತ್ತದೆ.

ಇತಿ,
ತಮ್ಮ ಓದುಗಾರ್ತಿ,
ಹಾಸನ