ನಮ್ಮ ಮಕ್ಕಳಿಗೆ ಚಿಂಚೋಳಿಯ ಕಾಡನ್ನೂ ತೋರಿಸಿ

ಮಾನ್ಯರೇ,

ದಸರಾ ರಜೆಯಲ್ಲಿ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳೊಂದಿಗೆ ಬಂಡೀಪುರಕ್ಕೆ ಹೋಗಿದ್ದೆ. ಕಾಡಿನೊಳಗೇ ಡೇರೆ ಹಾಕಬೇಕೆಂಬುದು ಮಕ್ಕಳ ಹಟ. ಹುಲಿ ಸಂರಕ್ಷಿತ ಪ್ರದೇಶದಲ್ಲಿ ಮನಬಂದಲ್ಲಿ ತಂಗುವಂತಿಲ್ಲ ಎಂದು ತಿಳಿಹೇಳಿ, ಅಂಚಿನ ಹಳ್ಳಿಯ ತೋಟವೊಂದರಲ್ಲಿ ಎರಡು ರಾತ್ರಿ ಡೇರೆಯಲ್ಲಿ ಮಲಗಿದೆವು. ಸೇಡಂನಿಂದ ಕಟ್ಟಿಕೊಂಡು ಹೋಗಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯೇ ಊಟ. ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವಿದೆ. ಆ ಮೌನದಲ್ಲಿ ದೂರದ ಜಿಂಕೆಯೊಂದರ ಎಚ್ಚರಿಕೆಯ ಕೂಗು ಕೇಳಿ ಕಿರಿಯವನು ನನ್ನ ಸೆರಗು ಹಿಡಿದುಕೊಂಡ.

ಹಗಲಿನಲ್ಲಿ ಕಂಡದ್ದು ಮಾತ್ರ ನೋವಿನ ಸಂಗತಿ. ಮುಂದಿನ ಕಾರಿನವರು ಜಿಂಕೆಗಳಿಗೆ ಬಿಸ್ಕತ್ತು ಎಸೆದು, ಖಾಲಿ ಪೊಟ್ಟಣವನ್ನೂ ಅಲ್ಲಿಯೇ ಬಿಟ್ಟರು. ಓದಿದವರೇ ಹೀಗೆ ಮಾಡಿದರೆ ಹೇಗೆ?

ಮರಳುವಾಗ ಹಿರಿಯವಳು ಕೇಳಿದಳು: ‘ಆಯಿ, ನಮ್ಮ ಕಡೆ ಕಾಡೇ ಇಲ್ಲವೇ?’ ಇದೆ. ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿಯೇ ಚಿಂಚೋಳಿ ಅರಣ್ಯವಿದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ, ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ ಒಣನಾಡಿನ ಕಾಡು. ತೋಳವಿದೆ, ಕತ್ತೆಕಿರುಬವಿದೆ, ನಡುವೆ ಚಂದ್ರಂಪಳ್ಳಿ ಜಲಾಶಯವಿದೆ. ಮೂವತ್ತು ವರ್ಷ ಪಾಠ ಹೇಳಿದ ನಾನೇ ಮಕ್ಕಳನ್ನು ಒಮ್ಮೆಯೂ ಅಲ್ಲಿಗೆ ಕರೆದೊಯ್ಯಲಿಲ್ಲ. ಆ ಕೊರಗು ಈಗಲೂ ಇದೆ.

ಜಿಲ್ಲೆಯ ಶಾಲೆಗಳ ವಾರ್ಷಿಕ ಪ್ರವಾಸದಲ್ಲಿ ಚಿಂಚೋಳಿಗೆ ಒಂದು ದಿನ ಮೀಸಲಿಡಲಿ. ಕಲಬುರಗಿಯಿಂದ ಭಾನುವಾರ ಬೆಳಿಗ್ಗೆ ಚಂದ್ರಂಪಳ್ಳಿಗೆ ಹೋಗಿ ಸಂಜೆ ಮರಳುವ ಬಸ್ಸೊಂದನ್ನು ಬಿಟ್ಟರೆ ಕಾರಿಲ್ಲದ ಮನೆಯ ಮಕ್ಕಳೂ ನೋಡಿಯಾರು.

— ನಿವೃತ್ತ ಶಿಕ್ಷಕಿ, ಸೇಡಂ