ಓಟು ಊರಲ್ಲಿ, ಕಸ ನಮ್ಮ ಗಲ್ಲಿಯಲ್ಲಿ: ವಾರ್ಡ್ ಸದಸ್ಯರಿಗೆ ಒಂದು ಬಹಿರಂಗ ಪತ್ರ

ನಮ್ಮ ವಾರ್ಡಿನ ಸದಸ್ಯರಿಗೆ,

ಶರಣು.

ಹೋದ ಚುನಾವಣೆಯಲ್ಲಿ ನೀವು ನಮ್ಮ ಗಲ್ಲಿಗೆ ಎರಡು ಸಾರಿ ಬಂದಿದ್ದಿರಿ. ಜೊತೆಗಿದ್ದ ಹುಡುಗನ ಕೈಯಲ್ಲಿ ಮತದಾರರ ಪಟ್ಟಿ ಇತ್ತು. ನಮ್ಮ ಎದುರು ಮನೆಯ ಗೇಟಿನ ಮುಂದೆ ನಿಂತು ಅವನು, "ಇಲ್ಲಿ ಮೂರೇ ಓಟು ಅವರೀ ಸಾಹೇಬ್ರ" ಅಂದ. ಸರಿಯಾಗೇ ಅಂದ. ಆ ಮನೆಯವರು ಬೇರೆ ಬಡಾವಣೆಗೆ ಹೋಗಿ ವರ್ಷಗಳಾದವು, ಹೆಸರು ಮಾತ್ರ ಇಲ್ಲೇ ಉಳಿದಿದೆ. ಆದರೆ ನೀವು ಅಲ್ಲಿಂದಲೇ ಕೈ ಮುಗಿದು ಮುಂದೆ ಹೋದಾಗ ಆ ಮನೆಯೊಳಗೆ 38 ಜನ ಇದ್ದರು. ಅವರ ಬಗ್ಗೆಯೇ ಈ ಪತ್ರ. ಅವರ ಕಸದ ಬಗ್ಗೆ ಕೂಡ.

ಆ ಮನೆ ಕಟ್ಟಿದ್ದನ್ನು ನಾನು ನೋಡಿದ್ದೇನೆ. 1996ನೇ ಇಸವಿ. ನೆಲಕ್ಕೆ ಶಹಾಬಾದಿನ ಪರಸಿ, ಎರಡೂ ಬದಿಗೆ ಮೂರು ಮೂರು ಅಡಿ ಜಾಗ, ಹಿಂದೆ ಒಂದು ಬೇವಿನ ಗಿಡ. ಐದು ಜನರ ಸಂಸಾರ. ಮಕ್ಕಳು ಪುಣೆ, ಬೆಂಗಳೂರು ಅಂತ ಹೋದರು. ಮೊದಲು ಮೇಲಿನ ಮಹಡಿ ಬಾಡಿಗೆಗೆ ಹೋಯಿತು. ಆಮೇಲೆ ಪಡಸಾಲೆಯ ನಡುವೆ ಪ್ಲೈವುಡ್ ಬಂತು. ದೇವರ ಮನೆಯೂ ಬಾಡಿಗೆಯ ಒಂದು ಖೋಲಿ (ಕೋಣೆ) ಆಯಿತು. ಬದಿಯ ಮೂರಡಿ ಜಾಗದಲ್ಲಿ ಸಾಲಾಗಿ ಬಚ್ಚಲು ಎದ್ದವು. ಬೇವಿನ ಗಿಡ ಹೋಯಿತು. ಕೊನೆಗೆ ಮಾಳಿಗೆ ಮೇಲೆ ಪತ್ರಾ (ತಗಡು) ಹೊದಿಸಿ ಆರು ಖೋಲಿ ಮಾಡಿದರು. ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 42 ಡಿಗ್ರಿ ದಾಟುವುದು ನಿಮಗೆ ಹೇಳಬೇಕಾಗಿಲ್ಲ. ಆ ಪತ್ರಾ ಕೆಳಗೆ ಒದ್ದೆ ಟವೆಲ್ ಹೊದ್ದುಕೊಂಡು ಪಿಎಸ್‌ಐ ಪರೀಕ್ಷೆಗೆ ಓದುವ ಹುಡುಗನನ್ನು ಕಂಡರೆ ಕರುಳು ಚುರ್ ಅನ್ನುತ್ತದೆ.

ನಮ್ಮ ಗಲ್ಲಿಯಲ್ಲಿ 22 ಮನೆ. ಅದರಲ್ಲಿ 9 ಮನೆ ಈಗ ಹೀಗೇ ಇವೆ. ಬಾಗಿಲ ಮೇಲೆ ಹಳೇ ಮನೆ ನಂಬರ್, ಗೇಟಿಗೆ 'ಖೋಲಿ ಸಿಗುತ್ತವೆ' ಅನ್ನುವ ಬೋರ್ಡು.

ಓದಲು ಹುಡುಗರು ಬರುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರು ಇನ್ನೆಲ್ಲಿಗೆ ಹೋಗಬೇಕು? ಯಾದಗಿರಿ, ಬೀದರ್, ರಾಯಚೂರು ಕಡೆಯವರಿಗೂ ಓದು ಅಂದರೆ ಕಲಬುರಗಿಯೇ. ವಿಶ್ವವಿದ್ಯಾಲಯ ಇಲ್ಲಿ, ಮೆಡಿಕಲ್ ಕಾಲೇಜುಗಳು ಇಲ್ಲಿ, ಹೈಕೋರ್ಟ್ ಪೀಠ ಇಲ್ಲಿ. 2013ರಲ್ಲಿ ನಮ್ಮ ಭಾಗಕ್ಕೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಜಾರಿಗೆ ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ನೌಕರಿಯ ಆಸೆ ಚಿಗುರಿತು. ಕೋಚಿಂಗ್ ಬೋರ್ಡುಗಳು ಜಾಸ್ತಿ ಆದವು. ನಾನೇ 1986ರಲ್ಲಿ ಆಳಂದ ತಾಲೂಕಿನಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ತಗೊಂಡು ಬಂದವನು. ಬ್ರಹ್ಮಪುರದ ಒಂದು ಖೋಲಿಯಲ್ಲಿ ನಾಲ್ಕು ಜನ ಇದ್ದೆವು. ಆಗ ಊರಿಂದ ಬಸ್ಸಿನಲ್ಲಿ ಬುತ್ತಿ ಬರುತ್ತಿತ್ತು. ಕಂಡಕ್ಟರ್ ಕೈಗೆ ಕೊಟ್ಟರೆ ಸಾಕು, ಬಸ್ ಸ್ಟ್ಯಾಂಡಿಗೆ ಹೋಗಿ ಇಸಗೊಳ್ಳುತ್ತಿದ್ದೆವು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಬಟ್ಟೆ ಗಂಟು. ಉಳಿದ ರೊಟ್ಟಿ ಬೀದಿ ಆಕಳಿಗೆ ಹೋಗುತ್ತಿತ್ತು. ಗಂಟಿನ ಬಟ್ಟೆ ಮರುದಿನ ಊರಿಗೆ ವಾಪಸ್. ನಾಲ್ಕು ಜನರ ಖೋಲಿಯಲ್ಲಿ ಕಸ ಅಂದರೆ ಬೀಡಿ ತುಂಡು, ಹಳೇ ಪೇಪರ್ ಅಷ್ಟೇ.

ಈಗ ಖಾನಾವಳಿಯಿಂದ ಪಾರ್ಸೆಲ್ ಬರುತ್ತದೆ. ರೊಟ್ಟಿಗೊಂದು ಫಾಯಿಲ್, ಪಲ್ಯಕ್ಕೊಂದು ಚೀಲ, ಸಾರಿಗೊಂದು ಚೀಲ, ಇವೆಲ್ಲ ಹಾಕಲು ಇನ್ನೊಂದು ಚೀಲ. ತೆಳು ಪ್ಲಾಸ್ಟಿಕ್ ಚೀಲವನ್ನು ನಮ್ಮ ರಾಜ್ಯ 2016ರಲ್ಲೇ ನಿಷೇಧ ಮಾಡಿದೆ. ಸಾರು ಕಟ್ಟುವವರಿಗೆ ಅದು ಗೊತ್ತಿಲ್ಲ ಅಂತೇನಿಲ್ಲ.

ಒಂದು ರಾತ್ರಿ ಹನ್ನೊಂದಕ್ಕೆ, ಮೂಲೆಯ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಕೆಳಗೆ ಚೀಲ ಇಡುತ್ತಿದ್ದ ಹುಡುಗನನ್ನು ನಾನೇ ಹಿಡಿದೆ. ಸುರಪುರ ಕಡೆಯವನು. ಗದರಿಸೋಣ ಅಂತ ಹೋದವನಿಗೆ ಅವನೇ ಕೇಳಿದ: "ಮತ್ತ ಎಲ್ಲಿ ಹಾಕಬೇಕ್ರಿ ಕಾಕಾ? ಗಾಡಿ ಬರೂ ಟೈಮಿಗೆ ನಾವು ಕ್ಲಾಸಿನ್ಯಾಗ ಇರ್ತೀವಿ. ಓನರ್ ಒಂದು ಬುಟ್ಟಿನೂ ಇಟ್ಟಿಲ್ಲ. ಖೋಲಿಯೊಳಗ ಇಟ್ಕೊಂಡ್ರ ಇಲಿ ಬರ್ತಾವ." ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನ ಕೈಯಲ್ಲಿದ್ದ ಚೀಲ ಇಸಗೊಂಡು ನಮ್ಮ ಮನೆ ಬುಟ್ಟಿಗೆ ಹಾಕಿದೆ. ದಿನಾ ಹಾಗೆ ಮಾಡಲು ಆಗುವುದಿಲ್ಲ ಅಲ್ವಾ?

ಕಸದ ಗಾಡಿ ಬರುವುದಿಲ್ಲ ಅಂತ ನಾನು ದೂರುತ್ತಿಲ್ಲ. ಬರುತ್ತದೆ. ಬೆಳಗ್ಗೆ ಏಳೂವರೆ ಎಂಟರ ಸುಮಾರಿಗೆ ಹಾಡು ಹಾಕಿಕೊಂಡು ಬರುತ್ತದೆ. ಆ ಹೊತ್ತಿಗೆ ಹುಡುಗರು ಕ್ಲಾಸಿನಲ್ಲಿ, ಕೆಳಗಿನ ಖೋಲಿಗಳಲ್ಲಿರುವ ಗೌಂಡಿ ಕೆಲಸದವರು ಕೂಲಿಗೆ. ಗಲ್ಲಿಯ ಎರಡೂ ಕಡೆ ಬೈಕ್ ನಿಂತಿರುವುದರಿಂದ ಗಾಡಿ ಒಳಗೆ ನುಗ್ಗುವುದಿಲ್ಲ. ತಿರುವಿನಲ್ಲೇ ನಿಲ್ಲುತ್ತದೆ, ಸೀಟಿ ಊದುತ್ತಾರೆ, ನಾಲ್ಕೈದು ಮನೆಯವರು ಬುಟ್ಟಿ ಹಿಡಿದು ಓಡುತ್ತೇವೆ, ಅದು ಹೊರಟುಹೋಗುತ್ತದೆ. ಪೌರಕಾರ್ಮಿಕರನ್ನು ಬೈಯಬೇಡಿ. ಅವರಿಗೆ ಕೊಟ್ಟಿರುವ ಲೆಕ್ಕ 22 ಬಾಗಿಲು. 22 ಬಾಗಿಲಿಗೆ ಆ ಹೊತ್ತು ಸಾಕು. (ಬೈಕಿನ ಕಾಟ ಬರೀ ಕಸದ ಗಾಡಿಗಲ್ಲ. ಹೋದ ಮಳೆಗಾಲದಲ್ಲಿ ಪಕ್ಕದ ಮನೆ ಅಜ್ಜಿಗೆ ಉಸಿರು ಹತ್ತಿದಾಗ ಆಟೋನೂ ಒಳಗೆ ಬರಲಿಲ್ಲ. ಕುರ್ಚಿ ಮೇಲೆ ಕೂರಿಸಿ ತಿರುವಿನ ತನಕ ಎತ್ತಿಕೊಂಡು ಹೋದೆವು.)

ನನ್ನ ತಕರಾರು ಈ ಲೆಕ್ಕದ ಮೇಲೆ. ಒಬ್ಬ ಮನುಷ್ಯ ದಿನಕ್ಕೆ ಸುಮಾರು 400 ಗ್ರಾಂ ಕಸ ಮಾಡುತ್ತಾನೆ ಅಂತ ಹಿಡಿಯಿರಿ. ಐದು ಜನರ ಮನೆಗೆ 2 ಕಿಲೋ. 38 ಜನರ ಮನೆಗೆ 15 ಕಿಲೋ. ಪಟ್ಟಿಯಲ್ಲಿ ಮಾತ್ರ ಎರಡೂ ಒಂದೇ: ಒಂದು ಮನೆ. 2016ರಲ್ಲಿ ಬಂದ ಘನತ್ಯಾಜ್ಯ ನಿಯಮದಲ್ಲಿ ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಮಾಡುವ ಹೋಟೆಲ್, ಹಾಸ್ಟೆಲ್, ಕಲ್ಯಾಣ ಮಂಟಪಗಳಿಗೆ ಬೇರೆ ಜವಾಬ್ದಾರಿ ಹಾಕಿದರು. ನಮ್ಮ ಎದುರು ಮನೆ ಅಷ್ಟು ದೊಡ್ಡದೂ ಅಲ್ಲ. ಹಾಗಾಗಿ ಹಾಸ್ಟೆಲ್ ಅಂತಲೂ ಅದನ್ನು ಯಾರೂ ಹಿಡಿಯುವುದಿಲ್ಲ, ಮನೆಯಂತೆ ಅದನ್ನು ನೋಡಿಕೊಳ್ಳುವ ಮನೆಯೊಡತಿಯೂ ಅಲ್ಲಿಲ್ಲ. ಅಂಥ 9 ಮನೆಗಳ ನಡುವೆ ಇರುವ ಜಾಗವೇ ನಮ್ಮ ಟಿಸಿ ಮೂಲೆ.

ಹಣದ ಲೆಕ್ಕವೂ ಹೀಗೇ. ತೆರಿಗೆ ಫಾರಂ ಮಾಲೀಕರೇ ತುಂಬುತ್ತಾರೆ. ಕಸದ ಶುಲ್ಕವನ್ನೂ ಕಟ್ಟಡದ ಅಳತೆ ನೋಡಿ ಹಾಕುತ್ತಾರೆ. ಒಳಗೆ ಎಷ್ಟು ಒಲೆ, ಎಷ್ಟು ತಲೆ ಅಂತ ಯಾರೂ ಕೇಳುವುದಿಲ್ಲ. ಬೇರೆಯವರನ್ನು ಅನ್ನುವ ಮೊದಲು ನನ್ನದನ್ನೇ ಹೇಳುತ್ತೇನೆ. ನಮ್ಮ ಮಾಳಿಗೆ ಮೇಲೂ ಎರಡು ಖೋಲಿ ಇವೆ. ನಾಲ್ಕು ಹುಡುಗರಿದ್ದಾರೆ. ಏಳು ವರ್ಷ ಆ ಎರಡು ಖೋಲಿಯನ್ನು ನಾನು ಫಾರಂನಲ್ಲಿ ಬರೆದಿರಲಿಲ್ಲ. ಈ ಪತ್ರ ಬರೆಯಬೇಕು ಅನಿಸಿದ ಮೇಲೆ ನಾಚಿಕೆಯಾಗಿ ಈ ಏಪ್ರಿಲ್‌ನಲ್ಲಿ ಬರೆದು ಕಟ್ಟಿದೆ. ಹೆಚ್ಚಾದ ದುಡ್ಡು ಒಂದು ಖೋಲಿಯ ಅರ್ಧ ತಿಂಗಳ ಬಾಡಿಗೆಯೂ ಆಗಲಿಲ್ಲ. ಇಷ್ಟಕ್ಕೆ ಏಳು ವರ್ಷ ಕಳ್ಳನಾಗಿದ್ದೆ ನೋಡಿ.

ಮೂಲೆಗೆ ಏನೇನು ಉಪಾಯ ಆಯಿತು ಅನ್ನುವುದು ನಿಮಗೆ ಗೊತ್ತು. ಒಂದು ಸಾರಿ ನೀವೇ ಬಂದು ಪೊರಕೆ ಹಿಡಿದಿರಿ. ಬಳಿದು, ಸುಣ್ಣ ಹಾಕಿ, ರಂಗೋಲಿ ಬಿಟ್ಟೆವು. ಫೋಟೋ ಚೆನ್ನಾಗಿ ಬಂದಿತ್ತು. ನಾಲ್ಕನೇ ದಿನ ರಂಗೋಲಿ ಮೇಲೆ ಮೊದಲ ಚೀಲ ಬಿತ್ತು. ಆಮೇಲೆ ಯಾರೋ ಗೋಡೆಗೆ ದೇವರ ಟೈಲ್ಸ್ ಅಂಟಿಸಿದರು. ಎಲ್ಲ ಧರ್ಮದ ದೇವರೂ ಇದ್ದರು. ಜನ ಭಕ್ತಿಯಿಂದ ಎರಡಡಿ ಈಚೆ ಕಸ ಹಾಕತೊಡಗಿದರು. ಹಂದಿ ಬಂದು ಎಳೆದಾಡುತ್ತವೆ. ನೋಡಿ ನೋಡಿ ಬೇಸತ್ತವರು ಬೆಂಕಿ ಹಚ್ಚುತ್ತಾರೆ. ಟಿಸಿ ಕೆಳಗೆ ಬೆಂಕಿ! ಬಯಲಲ್ಲಿ ಕಸ ಸುಟ್ಟರೆ 5000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಹೇಳಿತ್ತು. ದಂಡ ಹಾಕುವುದು ಯಾರಿಗೆ? ಅಲ್ಲಿ ಕಸ ಎಲ್ಲರದ್ದು, ಬೆಂಕಿ ಯಾರದ್ದೂ ಅಲ್ಲ.

ನೀರಿನದ್ದು ಚುಟುಕಾಗಿ ಹೇಳಿಬಿಡುತ್ತೇನೆ. ನಮಗೆ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ. ಹಾಗಾಗಿ ಪ್ರತಿ ಖೋಲಿ ಮುಂದೆ ಒಂದು ಡ್ರಮ್. ಡೆಂಗಿ ಹರಡುವ ಸೊಳ್ಳೆ ತುಂಬಿಟ್ಟ ಸ್ವಚ್ಛ ನೀರಲ್ಲೇ ಮೊಟ್ಟೆ ಇಡುತ್ತದೆ, ಮೊಟ್ಟೆ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಆಶಾ ತಾಯಂದಿರು ಬಂದಾಗ ಅರ್ಧ ಖೋಲಿಗೆ ಕೀಲಿ ಹಾಕಿರುತ್ತದೆ. ಕಕ್ಕಸಿನ ಪೈಪ್ ಐದು ಜನಕ್ಕೆ ಅಂತ ಹಾಕಿದ್ದು. ಛೇಂಬರ್ ಉಕ್ಕಿದಾಗ ಗಲ್ಲಿ ತುಂಬಾ ಏನು ಹರಿಯುತ್ತದೆ ಅಂತ ಬರೆಯುವುದು ಬೇಡ.

ಇಷ್ಟಕ್ಕೆಲ್ಲ ನಮ್ಮ ಗಲ್ಲಿಯ ಕೆಲವರು ಒಂದು ಪರಿಹಾರ ಕಂಡುಕೊಂಡಿದ್ದಾರೆ. ಬ್ಯಾಚುಲರ್ ಹುಡುಗರನ್ನೂ ಕೂಲಿಯವರನ್ನೂ ಖಾಲಿ ಮಾಡಿಸಬೇಕು ಅಂತ ಒಂದು ಅರ್ಜಿ ನಿಮಗೆ ಬಂದಿದೆ. ಅದರಲ್ಲಿ ನನ್ನ ಸಹಿ ಇಲ್ಲ. ಯಾಕೆ ಅಂತ ಗಲ್ಲಿಯವರು ಕೇಳುತ್ತಿದ್ದಾರೆ, ನಿಮಗೂ ಹೇಳಿಬಿಡುತ್ತೇನೆ. ಇವರನ್ನು ಓಡಿಸಿದರೆ ಇವರು ಇನ್ನೊಂದು ಗಲ್ಲಿಯ ಇನ್ನೊಂದು ಪತ್ರಾ ಕೆಳಗೆ ಸೇರುತ್ತಾರೆ. ಆ ಗಲ್ಲಿಗೂ ಒಂದು ಟಿಸಿ ಇರುತ್ತದೆ. ಖೋಲಿ ಕೇಳಲು ಹೋದವನಿಗೆ ಮೊದಲು "ನೀವು ಯಾವ ಪೈಕಿ?" ಅಂತ ಜಾತಿ ಕೇಳುವ ಊರು ನಮ್ಮದು. ಯಾರಿಗೆ ಎಲ್ಲೂ ಸಿಗುವುದಿಲ್ಲವೋ ಅವರೇ ಕೊನೆಗೆ ಇಂಥ ಖೋಲಿಗೆ ಬರುತ್ತಾರೆ. ಬಾಡಿಗೆ ಎಣಿಸುವುದು ಮಾಲೀಕರು, ಬೈಗುಳ ತಿನ್ನುವುದು ಹುಡುಗರು. ಅರ್ಜಿ ಕೊಟ್ಟವರಲ್ಲಿ ಮೂವರು ಬೇರೆ ಗಲ್ಲಿಯಲ್ಲಿ ಇಂಥದ್ದೇ ಮನೆ ಇಟ್ಟಿದ್ದಾರೆ ಅನ್ನುವುದನ್ನೂ ನೀವು ವಿಚಾರಿಸಿ ನೋಡಬಹುದು.

ನನ್ನ ಬೇಡಿಕೆ ದೊಡ್ಡದಲ್ಲ. ಸಂಜೆ ಎಂಟು ಗಂಟೆಗೆ ಒಂದು ಗಾಡಿ ಬೇಕು. ಖೋಲಿ ಜಾಸ್ತಿ ಇರುವ ಗಲ್ಲಿಗಳಿಗೆ ಮಾತ್ರ. ವಾರಕ್ಕೆ ಮೂರು ದಿನ ಬಂದರೂ ನಡೆಯುತ್ತದೆ. ಹುಡುಗರು ಆ ಹೊತ್ತಿಗೆ ಬಂದಿರುತ್ತಾರೆ, ಕೂಲಿಯವರೂ ಬಂದಿರುತ್ತಾರೆ. ಅದಕ್ಕೆ ಮೊದಲು ಖೋಲಿ ಎಣಿಸಬೇಕು. 700 ಜನಕ್ಕೆ ಒಬ್ಬ ಪೌರಕಾರ್ಮಿಕ ಅನ್ನುವುದು ಸರ್ಕಾರದ್ದೇ ಲೆಕ್ಕ. ಆದರೆ ಜನ ಎಷ್ಟು ಅಂತ ನೋಡಲು ಹೋದರೆ 2011ರ ಜನಗಣತಿ ತೆಗೆಯುತ್ತಾರೆ. 2021ರದ್ದು ಕೋವಿಡ್‌ನಿಂದ ಮುಂದೆ ಹೋಯಿತು. 2011ರಲ್ಲಿ ಎದುರು ಮನೆಯಲ್ಲಿ ಬೇವಿನ ಗಿಡ ಇತ್ತು, ಸಾಹೇಬ್ರೆ.

ಎಣಿಸುವುದು ನಮ್ಮೂರಿಗೆ ಗೊತ್ತಿಲ್ಲದ ವಿದ್ಯೆ ಏನಲ್ಲ. ಶರಣಬಸವೇಶ್ವರ ಜಾತ್ರೆ ಬಂದರೆ, ಬಂದೇ ನವಾಜ್ ದರ್ಗಾದ ಉರುಸು ಬಂದರೆ ಎಷ್ಟು ಮಂದಿ ಸೇರುತ್ತಾರೆ ಅಂತ ಅಂದಾಜು ಮಾಡಿಯೇ ನೀರು, ದೀಪ, ಗಾಡಿ ಎಲ್ಲ ಇಡುತ್ತಾರೆ. ಗುಡಿಗೆ ಒಂದೇ ಮಹಾದ್ವಾರ, ಆದ್ದರಿಂದ ಒಂದೇ ಬುಟ್ಟಿ ಸಾಕು ಅಂತ ಯಾರೂ ಅನ್ನುವುದಿಲ್ಲ. ನಮ್ಮ ಗಲ್ಲಿಯಲ್ಲಿ ವರ್ಷಪೂರ್ತಿ ಜಾತ್ರೆ ನಡೆದಿದೆ ಅಂತ ತಿಳಿಯಿರಿ.

ಎಣಿಸಿದ ಮೇಲೆ ಮಾಲೀಕರ ಹೆಸರಿಗೆ ನೋಟಿಸ್ ಹೋಗಲಿ. ಹಸಿ ಕಸಕ್ಕೆ ಒಂದು, ಒಣ ಕಸಕ್ಕೆ ಒಂದು ದೊಡ್ಡ ಡಬ್ಬಿ ಗೇಟಿನ ಒಳಗೆ ಇಡುವುದು, ಗಾಡಿ ಬಂದಾಗ ಅದನ್ನು ಹೊರಗೆ ತರಲು ಒಬ್ಬರನ್ನು ನೇಮಿಸುವುದು ಅವರ ಕೆಲಸ. ತಿಂಗಳಿಗೆ 38 ಜನರಿಂದ ಬಾಡಿಗೆ ಬರುವ ಮನೆಗೆ ಇದು ಭಾರ ಆಗುವುದಿಲ್ಲ. ಮಾಳಿಗೆ ಮೇಲೆ ಹೊಸದಾಗಿ ಪತ್ರಾ ಏರಿಸುವುದನ್ನು ಮಾತ್ರ ಈಗಲೇ ತಡೆಯಿರಿ. ಹಳೆಯದನ್ನು ಕೆಡವಿ ಅಂದರೆ ನಾಳೆಯೇ ಹುಡುಗರು ಬೀದಿಗೆ ಬರುತ್ತಾರೆ, ಅದು ಬೇಡ.

ಇದನ್ನೆಲ್ಲ ನಿಮ್ಮೊಬ್ಬರ ತಲೆಗೆ ಕಟ್ಟುತ್ತಿಲ್ಲ. ಮೂರು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 243(ಎಸ್) ಹೇಳುತ್ತದೆ. ನಮ್ಮ ಊರು 2011ರಲ್ಲೇ ಐದು ಲಕ್ಷ ದಾಟಿತ್ತು. ನಮ್ಮ ವಾರ್ಡಿನ ಸಮಿತಿ ಕೂತಿದ್ದನ್ನು ನಾನಂತೂ ನೋಡಿಲ್ಲ. ಕರೆಯಿರಿ, ಬರುತ್ತೇವೆ. ಆ ಸಭೆಗೆ ಇಬ್ಬರು ಖೋಲಿ ಹುಡುಗರನ್ನೂ ಕರೆಯಿರಿ. ಅವರ ಓಟು ಸುರಪುರದಲ್ಲೋ ಔರಾದದಲ್ಲೋ ಇರಬಹುದು. ವರ್ಷದ ಹತ್ತು ತಿಂಗಳು ಅವರು ಉಸಿರಾಡುವುದು ಇದೇ ಗಲ್ಲಿಯ ಗಾಳಿ.

ಬರುವ ಭಾನುವಾರ ರಾತ್ರಿ ಎಂಟಕ್ಕೆ ಬನ್ನಿ. ಆಗ ಎಲ್ಲರೂ ಖೋಲಿಯಲ್ಲೇ ಇರುತ್ತಾರೆ. ಎದುರು ಮನೆಯಿಂದ ಶುರು ಮಾಡಿ ಒಂಬತ್ತೂ ಮನೆ ಎಣಿಸೋಣ, ಬರೆದುಕೊಳ್ಳಲು ನೋಟ್‌ಬುಕ್ ನಾನು ತರುತ್ತೇನೆ. ಹತ್ತನೆಯದು ನನ್ನ ಮನೆ, ಚಹಾ ಅಲ್ಲಿ. ನಿಮ್ಮ ಕಾರು ಮಾತ್ರ ತಿರುವಿನಲ್ಲೇ ಬಿಡಿ, ಒಳಗೆ ಬರುವುದಿಲ್ಲ. ಟಿಸಿ ಹತ್ತಿರ ನಿಲ್ಲಿಸಬೇಡಿ, ಅಲ್ಲಿ ಕಾಲಿಡಲು ಜಾಗ ಇಲ್ಲ.

ಇಂತಿ,
ನಿಮ್ಮ ವಾರ್ಡಿನ ಒಬ್ಬ ಮತದಾರ, ಎರಡು ಖೋಲಿಗಳ ಮಾಲೀಕ
ಕಲಬುರಗಿ