ಕ್ಯಾರೆಟ್ ಕೇಕ್ ಬದಲಾಗುತ್ತಿದೆ: ಗ್ರಾಹಕರಿಗೆ ಪತ್ರ

ನಮ್ಮ ಗ್ರಾಹಕರಿಗೆ ನಮಸ್ಕಾರ.

ಮುಂದಿನ ಸೋಮವಾರದಿಂದ ನಮ್ಮ ಕ್ಯಾರೆಟ್ ಕೇಕ್ ಮೇಲೆ ಬಿಳಿ ಕ್ರೀಮ್ ಇರುವುದಿಲ್ಲ. ಒಂದು ಪೀಸ್ 100 ಗ್ರಾಂ ಇದ್ದದ್ದು 80 ಗ್ರಾಂ ಆಗುತ್ತದೆ. ಬೆಲೆ 90 ರೂಪಾಯಿಯಿಂದ 70ಕ್ಕೆ ಇಳಿಯುತ್ತದೆ.

‘ಕ್ಯಾರೆಟ್ ಇದೆ ಅಲ್ವಾ, ಮಕ್ಕಳಿಗೆ ಒಳ್ಳೇದು’ ಅಂತ ಹಲವರು ದಿನಾ ಇದನ್ನು ಸ್ಕೂಲ್ ಡಬ್ಬಿಗೆ ಒಯ್ಯುತ್ತೀರಿ. ನಮಗೆ ವ್ಯಾಪಾರ, ಬೇಡ ಅನ್ನುವುದಿಲ್ಲ. ಆದರೆ ಡಬ್ಬಿಯೊಳಗೆ ಏನು ಹೋಗುತ್ತಿದೆ ಅಂತ ನಿಮಗೆ ಗೊತ್ತಿರಲಿ.

ಕ್ಯಾರೆಟ್ ಒಳ್ಳೆಯದೇ. ಅದರ ಬೀಟಾ ಕ್ಯಾರೋಟಿನ್ ದೇಹದಲ್ಲಿ ವಿಟಮಿನ್ ಎ ಆಗುತ್ತದೆ. ತುರಿದು, ಬೇಯಿಸಿ, ಜೊತೆಗೆ ಎಣ್ಣೆಯೂ ಇದ್ದರೆ ಅದು ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಹಾಗಾಗಿ ಕೇಕ್‌ಗೆ ಹಾಕಿದ ಕ್ಯಾರೆಟ್ ದಂಡವಲ್ಲ. ಪ್ರಮಾಣ ಮಾತ್ರ ತೀರಾ ಕಮ್ಮಿ. ಒಂದು ಪೀಸ್‌ನಲ್ಲಿ ಇರುವುದು ಸುಮಾರು 25 ಗ್ರಾಂ, ಅಂದರೆ ಅರ್ಧ ಕ್ಯಾರೆಟ್‌ಗಿಂತ ಕಡಿಮೆ. ಮನೆಯಲ್ಲಿ ಒಂದು ಬಟ್ಟಲು ಕ್ಯಾರೆಟ್ ಕೋಸಂಬರಿ ತಿಂದರೆ ಇದರ ಎರಡು ಮೂರು ಪಟ್ಟು ಸಿಗುತ್ತದೆ, ಸಕ್ಕರೆ ಇಲ್ಲದೆ.

ಸಕ್ಕರೆಯೇ ಮುಖ್ಯ ತಕರಾರು. ಹಳೆಯ ಪೀಸ್‌ನಲ್ಲಿ ಕ್ರೀಮ್ ಸೇರಿ ಸುಮಾರು 30 ಗ್ರಾಂ ಇತ್ತು. ದೊಡ್ಡವರಿಗೂ ದಿನಕ್ಕೆ 25 ಗ್ರಾಂ ಒಳಗಿದ್ದರೆ ಮೇಲು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈಗ ಕೇಕ್‌ನ ಸಕ್ಕರೆಯಲ್ಲಿ ಕಾಲು ಭಾಗ ತೆಗೆದಿದ್ದೇವೆ, ಕ್ರೀಮ್ ಹೋಗಿದೆ. ಹೊಸ ಪೀಸ್‌ನಲ್ಲಿ 16 ಗ್ರಾಂ, ಅಂದರೆ ನಾಲ್ಕು ಟೀ ಚಮಚ. ಇದೂ ಕಮ್ಮಿಯೇನಲ್ಲ. ಕ್ಯಾಲರಿ ಸುಮಾರು 300.

ಬೆಲ್ಲ ಹಾಕಬಾರದಾ ಅಂತ ಕೇಳುವವರಿದ್ದಾರೆ. ಹಾಕಬಹುದು, ರುಚಿ ಚೆನ್ನಾಗಿರುತ್ತದೆ. ಆದರೆ ಬೆಲ್ಲವೂ ಸಕ್ಕರೆಯೇ. ಶುಗರ್ ಇರುವವರಿಗೆ ಸುಮ್ನೆ ‘ಬೆಲ್ಲದ ಕೇಕ್, ತಿನ್ನಿ’ ಅಂತ ಕೊಡಲು ನಮಗೆ ಮನಸ್ಸಿಲ್ಲ.

ಎಣ್ಣೆಯನ್ನೂ ಸ್ವಲ್ಪ ಇಳಿಸಿದ್ದೇವೆ. ಇನ್ನೂ ಇಳಿಸಿದರೆ ಕೇಕ್ ಒಣಕಲಾಗಿ ಉದುರುತ್ತದೆ. ಬೆಣ್ಣೆ ತಣ್ಣಗಾದರೆ ಗಟ್ಟಿಯಾಗುತ್ತದೆ, ಎಣ್ಣೆ ಆಗುವುದಿಲ್ಲ. ಫ್ರಿಜ್‌ನಿಂದ ತೆಗೆದ ಕ್ಯಾರೆಟ್ ಕೇಕ್ ಮೆತ್ತಗಿರುವುದು ಅದರಿಂದಲೇ. ಮೈದಾದಲ್ಲಿ ಮೂರನೇ ಒಂದು ಭಾಗ ಗೋಧಿ ಹಿಟ್ಟು ಸೇರಿಸಿದ್ದೇವೆ. ಪೂರ್ತಿ ಗೋಧಿ ಹಾಕಿದರೆ ಭಾರವಾಗುತ್ತದೆ.

ಬಣ್ಣ ಕೊಂಚ ತಿಳಿಯಾಗಿ ಕಾಣಬಹುದು, ಸಕ್ಕರೆ ಕಡಿಮೆಯಾದರೆ ಮೇಲ್ಭಾಗ ಅಷ್ಟು ಕೆಂಪಗಾಗುವುದಿಲ್ಲ. ಸಕ್ಕರೆ ತೇವ ಹಿಡಿದಿಡುತ್ತದೆ, ಹಾಗಾಗಿ ಇನ್ನು ಮುಂದೆ ಎರಡೇ ದಿನದಲ್ಲಿ ತಿಂದು ಮುಗಿಸಿ. ಮೊಟ್ಟೆ, ಗೋಧಿ, ಅಕ್ರೋಟು ಮೂರೂ ಮೊದಲಿನಂತೆ ಇವೆ. ಅಲರ್ಜಿ ಇರುವವರು ದಯವಿಟ್ಟು ಗಮನಿಸಿ.

ಹುಟ್ಟುಹಬ್ಬಕ್ಕೆ ಕ್ರೀಮ್ ಬೇಕೇ ಬೇಕು ಅನ್ನುವವರು ಒಂದು ದಿನ ಮುಂಚೆ ಹೇಳಿ, ಹಾಕಿಕೊಡುತ್ತೇವೆ. ಅದಕ್ಕೆ ಕಿಲೋಗೆ 150 ರೂಪಾಯಿ ಜಾಸ್ತಿ. ಶನಿವಾರ ಸಂಜೆ ಅಂಗಡಿಗೆ ಬಂದರೆ ಹೊಸ ಕೇಕ್‌ನ ರುಚಿ ನೋಡಬಹುದು, ದುಡ್ಡು ಬೇಡ.

ಇಂತಿ,
ನಿಮ್ಮ ಬೇಕರಿಯವರು
ಮೈಸೂರು